ಪ್ರೋಟೀನುಗಳ ರೂಪರಹಸ್ಯವನ್ನು ಅರಸಿದ ರಾಮಚಂದ್ರನ್

ಧನಕವಡಿಯಲ್ಲಾಗಲಿ ಪುಣೆಯ ಬೇರಾವ ಭಾಗದಲ್ಲಾಗಲಿ ನೆಲೆಸಿರುವ ನಮ್ಮವರಲ್ಲಿ ಕ್ಷಯರೋಗದ ಚಿಕಿತ್ಸೆ ಪಡೆದವರು ರಿಫಾಂಪಿಸಿನ್ ಎಂಬ ಔಷಧವನ್ನು ಬಲ್ಲರು. ಮೂತ್ರಕ್ಕೆ ಕೆಂಬಣ್ಣವನ್ನು ತರುವ ಈ ಔಷಧವು ರೋಗಾಣುವಿನೊಳಗಿನ ಒಂದು ಪ್ರೋಟೀನಿನ ಪೊಟರೆಯಲ್ಲಿ ಸೇರಿಕೊಂಡು ಅದರ ಕಾರ್ಯವನ್ನು ಸ್ತಂಭಿಸುತ್ತದೆ. ಪ್ರೋಟೀನುಗಳ ರೂಪವನ್ನು ಅರಿಯುವ ವಿದ್ಯೆಗೆ ಭದ್ರವಾದ ಅಡಿಗಲ್ಲನ್ನಿಟ್ಟವರಲ್ಲಿ ಜಿ. ಎನ್. ರಾಮಚಂದ್ರನ್ನರು ಅಗ್ರಗಣ್ಯರು.

ಅವರು 1922ರ ಅಕ್ಟೋಬರ್ 8ರಂದು ಎರ್ನಾಕುಲಂನಲ್ಲಿ ಜನಿಸಿದರು. ತಂದೆ ಗಣಿತದ ಅಧ್ಯಾಪಕರು. ತಿರುಚಿರಾಪಳ್ಳಿಯಲ್ಲಿ ಪದವಿ ಪಡೆದು, 1942ರಲ್ಲಿ ವಿದ್ಯುತ್ ಶಿಲ್ಪವನ್ನು ಕಲಿಯಲೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದರು. ಅಲ್ಲಿ ಸರ್ ಸಿ. ವಿ. ರಾಮನ್ನರ ಶಿಷ್ಯತ್ವ ದೊರೆತು, ಭೌತಶಾಸ್ತ್ರವೇ ಅವರ ಜೀವಿತಕ್ಷೇತ್ರವಾಯಿತು. ಕೇಂಬ್ರಿಜ್ಜಿನಲ್ಲಿ ಸಂಶೋಧನೆ ನಡೆಸಿ 1949ರಲ್ಲಿ ಬೆಂಗಳೂರಿಗೆ ಮರಳಿದರು. 1952ರಲ್ಲಿ ಮದರಾಸು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದಾಗ ಅವರಿಗಿನ್ನೂ ಮೂವತ್ತರ ಪ್ರಾಯ.

ಚರ್ಮ, ಎಲುಬು, ಸ್ನಾಯುರಜ್ಜುಗಳಿಗೆ ಬಲವನ್ನು ಕೊಡುವ ಕೊಲಾಜನ್ ಎಂಬ ಪ್ರೋಟೀನಿನ ರಚನೆ ಆಗ ಬಿಡಿಸಲಾಗದ ಒಗಟಾಗಿತ್ತು. ರಾಮಚಂದ್ರನ್ನರು ಗೋಪಿನಾಥ ಕರ್ತಾ ಅವರೊಡಗೂಡಿ ಕ್ಷ-ಕಿರಣಗಳ ನೆರವಿನಿಂದ, ಅದು ಜಡೆಯಂತೆ ಹೆಣೆದ ಮೂರು ಎಳೆಗಳ ಸುರುಳಿಯೆಂದು 1954-55ರಲ್ಲಿ ತೋರಿಸಿದರು. ಆದರೆ ಇಂಗ್ಲೆಂಡಿನಿಂದ ಕ್ರಿಕ್ ಮತ್ತು ರಿಚ್ ಎಂಬ ವಿಜ್ಞಾನಿಗಳು ಆಕ್ಷೇಪವೆತ್ತಿದರು. ಆ ವಿನ್ಯಾಸದಲ್ಲಿ ಕೆಲವು ಪರಮಾಣುಗಳು ಮಿತಿಮೀರಿ ಸಮೀಪಿಸುತ್ತವೆ ಎಂಬುದು ಅವರ ವಾದ.

ಅಲ್ಪರಾಗಿದ್ದರೆ ಈ ಟೀಕೆಗೆ ಎದೆಗುಂದುತ್ತಿದ್ದರು, ಇಲ್ಲವೇ ಕಲಹಕ್ಕಿಳಿಯುತ್ತಿದ್ದರು. ರಾಮಚಂದ್ರನ್ನರಾದರೋ ಆ ಆಕ್ಷೇಪವನ್ನೇ ಪ್ರಶ್ನೆಯನ್ನಾಗಿ ಮಾಡಿಕೊಂಡರು. ಪರಮಾಣುಗಳು ನಿಜವಾಗಿ ಎಷ್ಟು ಹತ್ತಿರ ಬರಬಲ್ಲವು? ಅದುವರೆಗೆ ತಿಳಿದಿದ್ದ ಹರಳುಗಳನ್ನೆಲ್ಲ ಪರಿಶೀಲಿಸಿ ಆ ಮಿತಿಯನ್ನು ಗೊತ್ತುಪಡಿಸಿದರು. ಪ್ರೋಟೀನು ಅಮೈನೋ ಆಮ್ಲಗಳ ಸರಪಳಿ. ಪ್ರತಿಯೊಂದು ಕೊಂಡಿಯ ಬಳಿಯೂ ಅದು ಮುಖ್ಯವಾಗಿ ಎರಡು ಕೋನಗಳಲ್ಲಿ ತಿರುಗಬಲ್ಲದು. ಯಾವ ತಿರುವಿನಲ್ಲಿ ಪರಮಾಣುಗಳು ಡಿಕ್ಕಿ ಹೊಡೆಯುತ್ತವೆ, ಯಾವುದರಲ್ಲಿ ಇಲ್ಲ ಎಂಬುದನ್ನು ಲೆಕ್ಕಹಾಕಿ, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ 1963ರಲ್ಲಿ ಒಂದು ನಕ್ಷೆಯನ್ನು ಪ್ರಕಟಿಸಿದರು. ಪ್ರಕೃತಿಯು ಅನುಮತಿಸುವ ತಿರುವುಗಳು ಅತ್ಯಲ್ಪವೆಂದು ಆ ನಕ್ಷೆ ಸಾರಿತು. ಜಗತ್ತು ಅದನ್ನು ರಾಮಚಂದ್ರನ್ ನಕ್ಷೆಯೆಂದೇ ಕರೆಯುತ್ತದೆ.

ಮುಂದೆ ಅವರು ಬೆಂಗಳೂರಿಗೆ ಹಿಂದಿರುಗಿ, ವಿಜ್ಞಾನ ಮಂದಿರದಲ್ಲಿ ಅಣುಜೀವಭೌತಶಾಸ್ತ್ರ ವಿಭಾಗವನ್ನು ಸ್ಥಾಪಿಸಿದರು. 1977ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ 1999ರಲ್ಲಿ ಎವಾಲ್ಡ್ ಪ್ರಶಸ್ತಿಯೂ ಅವರಿಗೆ ಸಂದವು. ನೊಬೆಲ್ ಪ್ರಶಸ್ತಿ ಮಾತ್ರ ಬರಲಿಲ್ಲ. ಕಂಪವಾಯುವಿನಿಂದ ಬಳಲಿ, ಬಾಳಸಂಗಾತಿ ರಾಜಲಕ್ಷ್ಮಿಯವರ ಅಗಲಿಕೆಯಿಂದ ನೊಂದು, 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ ಇಹಲೋಕವನ್ನು ತ್ಯಜಿಸಿದರು.

ಅದೇ 2001ರಲ್ಲಿ ಅಮೆರಿಕದ ರೋಜರ್ ಕಾರ್ನ್‌ಬರ್ಗರು ಯೀಸ್ಟಿನ ಆರ್‌ಎನ್‌ಎ ಪಾಲಿಮರೇಸಿನ ವಿವರವಾದ ರಚನೆಯನ್ನು ಪ್ರಕಟಿಸಿದರು. ವಂಶವಾಹಿಯ ಬರಹವನ್ನು ಓದಿ ಆರ್‌ಎನ್‌ಎ ಪ್ರತಿಯನ್ನು ಬರೆಯುವ ಲಿಪಿಕಾರನೇ ಈ ಪ್ರೋಟೀನು. ಏಡಿಯ ಚಿಮಟದಂತಿರುವ ಇದು ಡಿಎನ್‌ಎಯನ್ನು ಹಿಡಿಯುತ್ತದೆ. ತಕ್ಕ ಅಕ್ಷರ ಒದಗಿದಾಗ ಒಳಗಿನ ಸಣ್ಣ ಕುಣಿಕೆಯೊಂದು ಮಡಿಚಿಕೊಂಡು ಬರಹವನ್ನು ಮುಂದುವರಿಸುತ್ತದೆ. ಬ್ಯಾಕ್ಟೀರಿಯಗಳಲ್ಲಿ ಎಲ್ಲಿಂದ ಓದಬೇಕೆಂಬುದನ್ನು ಸಿಗ್ಮಾ ಎಂಬ ಸಹಾಯಕ ಭಾಗವು ತೋರಿಸಿಕೊಡುತ್ತದೆ. ಹೀಗೆ ರೂಪವೇ ಇಲ್ಲಿ ನಿಯಂತ್ರಣ. ರಿಫಾಂಪಿಸಿನ್ ಹೊಸ ಆರ್‌ಎನ್‌ಎ ಎಳೆಯು ಸಾಗುವ ಹಾದಿಗೆ ಅಡ್ಡಬರುವುದೆಂದು ಸೆತ್ ಡಾರ್ಸ್ಟರ ತಂಡವು ಅದೇ ವರ್ಷ ತೋರಿಸಿತು. ಆ ಪೊಟರೆಯ ಒಂದೇ ಅಮೈನೋ ಆಮ್ಲ ಬದಲಾದರೂ ಔಷಧವು ನಿಷ್ಫಲವಾಗಬಹುದು. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಅಂಥ ರೋಗಾಣುಗಳು ಬಲಿಯಲು ಅವಕಾಶವಾಗುತ್ತದೆ.

ರಾಮಚಂದ್ರನ್ನರು ಪಾಲಿಮರೇಸಿನ ಮೇಲೆ ಸ್ವತಃ ಸಂಶೋಧನೆ ನಡೆಸಿದವರಲ್ಲ. ಆದರೆ ಅವರು ಕಟ್ಟಿದ ವಿಭಾಗದಲ್ಲಿಯೇ ಮುಂದೆ ದೀಪಂಕರ ಚಟರ್ಜಿಯವರು ಬ್ಯಾಕ್ಟೀರಿಯಗಳ ಪಾಲಿಮರೇಸನ್ನು ಅಭ್ಯಸಿಸಿದರು. ಇಂದಿಗೂ ಯಾವ ಪ್ರೋಟೀನಿನ ರಚನೆ ಸಿದ್ಧವಾದರೂ ರಾಮಚಂದ್ರನ್ ನಕ್ಷೆಯ ಒರೆಗಲ್ಲಿಗೆ ಹಚ್ಚಿ ನೋಡುವುದು ವಾಡಿಕೆ. ಪರರ ಆಕ್ಷೇಪವನ್ನು ಅರಿವಿನ ಅಳತೆಗೋಲಾಗಿ ಪರಿವರ್ತಿಸಿದ ಆ ಧೀಮಂತಿಕೆಯು ನಮ್ಮ ತರುಣರಿಗೆ ಅನುಕರಣೀಯವಾದುದು.