ಕುದ್ಮುಲ್ ರಂಗರಾಯರು
ಬಿ.ಇ. ಓದಲು ನಗರ ಸೇರಿದಾಗ ಸಹಪಾಠಿಗಳ ಮುಂದೆ ನನಗೆ ಅಳುಕಿತ್ತು. ಅವರು ಬಾಲ್ಯದಲ್ಲೇ ಕಂಪ್ಯೂಟರ್ ಮುಟ್ಟಿದವರು. ಶಾಲೆಗೂ ಶಾಲೆಗೂ ಇರುವ ಈ ಅಂತರ ಕಂಡಾಗಲೆಲ್ಲ ನನಗೆ ನೆನಪಾಗುವವರು ಕುದ್ಮುಲ್ ರಂಗರಾಯರು.

1859ರಲ್ಲಿ ಕಾಸರಗೋಡಿನಲ್ಲಿ ಜನಿಸಿದ ಅವರು, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದರು. ಮೊದಲು ಶಿಕ್ಷಕರಾದರು, ಬಳಿಕ ವಕೀಲರಾದರು. ದಲಿತ ಮಕ್ಕಳನ್ನು ಊರ ಶಾಲೆಗಳು ಹೊರಗಿಟ್ಟಿದ್ದ ಕಾಲವದು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಆ ಮಕ್ಕಳಿಗಾಗಿಯೇ ಶಾಲೆ ತೆರೆದರು. ಸ್ವಜಾತಿಯವರು ಬಹಿಷ್ಕರಿಸಿದರೂ ಹಿಂಜರಿಯಲಿಲ್ಲ. ಮಗು ಶಾಲೆಗೆ ಬಂದರೆ ಮನೆಗೆ ಕೂಲಿ ತಪ್ಪುತ್ತದೆ, ಹಸಿದಿದ್ದರೆ ಪಾಠ ತಲೆಗೆ ಹತ್ತುವುದಿಲ್ಲ ಎಂಬುದನ್ನು ಅರಿತಿದ್ದರು. ಮಧ್ಯಾಹ್ನ ಊಟ ಹಾಕಿದರು. ಹಾಜರಾದ ಮಕ್ಕಳಿಗೆ ದಿನಕ್ಕೆ 2 ಪೈಸೆ ಕೊಟ್ಟರು. ತಮ್ಮ ಶಾಲೆಯ ಮಗುವೊಂದು ಸರ್ಕಾರಿ ಹುದ್ದೆ ಹಿಡಿದು ಕಾರಿನಲ್ಲಿ ಓಡಾಡಬೇಕು, ಅದರ ಧೂಳು ತಮ್ಮ ತಲೆಗೆ ಸೋಕಬೇಕು ಎಂಬುದು ಅವರ ಹಂಬಲವಾಗಿತ್ತು. 1928ರಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ ದಲಿತರೇ ಹೆಗಲು ಕೊಟ್ಟರು.

ಬಾಗಿಲು ತೆರೆದರಷ್ಟೇ ಸಾಲದು, ಒಳಬರುವ ಮಗುವಿನ ಮನೆಯ ಕಷ್ಟಕ್ಕೂ ಆಗಿಬರಬೇಕು ಎಂಬುದು ಅವರಿಂದ ನಾನು ಕಲಿತ ಪಾಠ. ಹಳೆಯ ವಿದ್ಯಾರ್ಥಿಗಳೇ, ಸುವರ್ಣ ಮಹೋತ್ಸವ ಮುಗಿಸಿ ಹೊರಡುವ ಮುನ್ನ, ಈ ವರ್ಷ ಶಾಲೆ ಬಿಟ್ಟ ಮಕ್ಕಳು ಯಾರೆಂದು ಮುಖ್ಯೋಪಾಧ್ಯಾಯರನ್ನು ಕೇಳಿ, ಅವರ ಮನೆಗಳಿಗೆ ಹೋಗಿ ಬರೋಣ.