ವರ್ಣತಂತುಗಳನ್ನೆಣಿಸಿದ ವಿದುಷಿ ಡಾ. ಜಾನಕಿ ಅಮ್ಮಾಳ್

ದೊಡ್ಡಬಳ್ಳಾಪುರ, ದೇವನಹಳ್ಳಿ ಸೀಮೆಯ ರಾಗಿಹೊಲಗಳಲ್ಲಿ ಪೈರಿನ ನಡುವೆ ಕಾಡುರಾಗಿಯೂ ತಲೆಯೆತ್ತುವುದುಂಟು. ಎಳವೆಯಲ್ಲಿ ಅದು ಪೈರೋ ಕಳೆಯೋ ಎಂಬುದು ಕಣ್ಣಿಗೆ ಸುಲಭವಾಗಿ ತಿಳಿಯದು. ಸೂಕ್ಷ್ಮದರ್ಶಕಕ್ಕಾದರೋ ಸಂಶಯವಿಲ್ಲ. ಈ ಕಳೆಯ ಜೀವಕೋಶದಲ್ಲಿ ವರ್ಣತಂತುಗಳು 18. ನಾವುಣ್ಣುವ ರಾಗಿಯಲ್ಲಿ 36. ಹೊರರೂಪವು ಮರೆಮಾಚಿದ ಭೇದವನ್ನು ಹೀಗೆ ಒಳಗಿನಿಂದ ಅರಿಯುವ ವಿದ್ಯೆಯನ್ನೇ ಬಾಳಿನ ಕಾಯಕವಾಗಿಸಿಕೊಂಡವರು ಡಾ. ಇ. ಕೆ. ಜಾನಕಿ ಅಮ್ಮಾಳ್.

ಅವರು ಜನಿಸಿದ್ದು 1897ರ ನವೆಂಬರ್ 4ರಂದು, ಕೇರಳದ ತಲಶ್ಶೇರಿಯಲ್ಲಿ. ತಂದೆ ನ್ಯಾಯಾಧೀಶರು, ಮನೆ ತುಂಬ ಮಕ್ಕಳು. ಹೆಣ್ಣಿಗೆ ಮದುವೆಯೊಂದೇ ದಾರಿಯೆಂದು ತಿಳಿದಿದ್ದ ಕಾಲದಲ್ಲಿ ಅವರು ಅವಿವಾಹಿತರಾಗಿಯೇ ಉಳಿದು ವಿದ್ಯೆಯನ್ನು ಆರಿಸಿಕೊಂಡರು. ಮದರಾಸಿನಲ್ಲಿ ಓದಿ, ಬಾರ್ಬರ್ ವಿದ್ಯಾರ್ಥಿವೇತನದ ನೆರವಿನಿಂದ ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ತೆರಳಿ, 1931ರಲ್ಲಿ ಡಾಕ್ಟರೇಟ್ ಪಡೆದರು.

1934ರಲ್ಲಿ ಕೊಯಮತ್ತೂರಿನ ಕಬ್ಬು ತಳಿ ಸಂಶೋಧನ ಕೇಂದ್ರವನ್ನು ಸೇರಿದ ಮೇಲೆ ಅವರ ಪ್ರತಿಭೆಗೆ ತಕ್ಕ ಕ್ಷೇತ್ರ ದೊರೆಯಿತು. ಸಿಹಿಕಬ್ಬಿನಲ್ಲಿ ವರ್ಣತಂತುಗಳು 80. ಅದರ ಕಾಡುಬಂಧುವಾದ, ಸಂಸ್ಕೃತದಲ್ಲಿ ಕಾಶವೆನಿಸಿಕೊಂಡ ಹೊಳೆದಂಡೆಯ ಹುಲ್ಲಿನಲ್ಲಾದರೋ ಸೀಮೆಗೊಂದು ಎಣಿಕೆ: 40ರಿಂದ 128ರವರೆಗೂ ಉಂಟು. ಕೊಯಮತ್ತೂರಿನ ಹುಲ್ಲಿನಲ್ಲಿ 64. ಈ ಹುಲ್ಲಿನಲ್ಲಿ ಸಿಹಿ ಅತ್ಯಲ್ಪವಾದರೂ ಅದರ ಗಟ್ಟಿತನವೂ ರೋಗ ತಡೆಯುವ ಶಕ್ತಿಯೂ ಕಬ್ಬಿಗೆ ಬೇಕಾಗಿದ್ದವು. ಆದುದರಿಂದ ಈ ಎಣಿಕೆ ಕೇವಲ ಪಾಂಡಿತ್ಯವಾಗಿರದೆ ತಳಿಗಾರನಿಗೆ ಕೈಮರವಾಯಿತು. ಎಣಿಕೆಯೊಂದೇ ಸಾಲದೆಂಬುದೂ ನಿಜ. ಆಫ್ರಿಕದ ಒಂದು ಕಾಡುರಾಗಿಯಲ್ಲಿಯೂ 36 ಇವೆ. ವರ್ಣತಂತುಗಳ ಆಕಾರವನ್ನೂ ಸಂಕರ ಸಸ್ಯದಲ್ಲಿ ಅವು ಜೊತೆಗೂಡುವ ಬಗೆಯನ್ನೂ ನೋಡಿದ ಮೇಲೆಯೇ ನಂಟನ್ನು ನಿರ್ಣಯಿಸಬೇಕು. ಜಾನಕಿ ಅಮ್ಮಾಳ್ ಕಬ್ಬನ್ನು ಮೆಕ್ಕೆಜೋಳದೊಡನೆ ಸಂಕರಗೊಳಿಸಿ ಅದನ್ನೂ ಪರೀಕ್ಷಿಸಿದರು. ಸರ್ ಸಿ. ವಿ. ರಾಮನ್ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಜ್ಞಾನ ಅಕಾಡೆಮಿ 1935ರಲ್ಲಿಯೇ ಅವರನ್ನು ಸದಸ್ಯರನ್ನಾಗಿ ಆರಿಸಿತು. ಆದರೂ ಪುರುಷರೇ ತುಂಬಿದ್ದ ವಿಜ್ಞಾನಲೋಕದಲ್ಲಿ ಒಂಟಿ ಹೆಂಗಸಿನ ಹಾದಿ ಸುಗಮವಾಗಿರಲಿಲ್ಲ.

1939ರಲ್ಲಿ ಎಡಿನ್‌ಬರೋದ ತಳಿವಿಜ್ಞಾನ ಸಮ್ಮೇಳನಕ್ಕೆ ಹೋದಾಗ ಮಹಾಯುದ್ಧ ಆರಂಭವಾಯಿತು. ಅವರು ಇಂಗ್ಲೆಂಡಿನಲ್ಲಿಯೇ ಉಳಿದು, ಸಿ. ಡಿ. ಡಾರ್ಲಿಂಗ್ಟನ್ನರೊಡನೆ ಕೃಷಿಸಸ್ಯಗಳ ವರ್ಣತಂತು ಕೋಶವನ್ನು ರಚಿಸಿ 1945ರಲ್ಲಿ ಪ್ರಕಟಿಸಿದರು. ಬಳಿಕ ವಿಸ್ಲಿಯ ತೋಟದಲ್ಲಿ ನಮ್ಮ ಸಂಪಿಗೆಯ ಕುಲಬಂಧುವಾದ ಮ್ಯಾಗ್ನೋಲಿಯವನ್ನು ಅಭ್ಯಸಿಸಿದರು. ಅದರ ಜಾತಿಗಳಲ್ಲಿ 38, 76, 114 ಎಂಬ ಮೆಟ್ಟಿಲುಗಳಿವೆ. ಬಿಳಿ ಹೂವಿನ ಒಂದು ಮ್ಯಾಗ್ನೋಲಿಯಕ್ಕೆ ಇಂದಿಗೂ ಅವರದೇ ಹೆಸರು.

ನೆಹರೂರವರ ಆಹ್ವಾನದಂತೆ 1951ರಲ್ಲಿ ಸ್ವದೇಶಕ್ಕೆ ಮರಳಿ ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ಪುನರ್ರಚನೆಗೆ ದುಡಿದರು. 1977ರಲ್ಲಿ ಪದ್ಮಶ್ರೀ ದೊರೆಯಿತು. ಕೇರಳದ ಮೌನಕಣಿವೆಯ ಕಾಡನ್ನು ಜಲವಿದ್ಯುತ್ ಯೋಜನೆ ಮುಳುಗಿಸಲಿದ್ದಾಗ, ಎಂಬತ್ತು ದಾಟಿದ್ದ ಈ ವೃದ್ಧೆ ಅದನ್ನು ವಿರೋಧಿಸಿದವರೊಡನೆ ನಿಂತರು. ಅಲ್ಲಿನ ಗಿಡಮರಗಳ ವರ್ಣತಂತುಗಳನ್ನು ದಾಖಲಿಸಲು ಮುಂದಾದರು. 1984ರ ಫೆಬ್ರವರಿ 7ರಂದು ಅವರು ತೀರಿಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ಆ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು.