ಹಡಪದೊಳಗಿನ ಕಲ್ಲು

ಮಕ್ಕಳೇ, ಡೊಂಬಿವಲಿಯ ನಿಮ್ಮ ಮನೆಯ ದೇವರ ಮುಂದೆ ಗಂಧ ತೇಯುವ ಕಲ್ಲಿದ್ದರೆ ಅಜ್ಜಿ ಅದನ್ನು ಸಾಣೆಕಲ್ಲು ಅನ್ನುತ್ತಾರೆ. ಪಕ್ಕದ ಮನೆಯ ಮರಾಠಿ ಆಜಿ ಸಹಾಣ ಅನ್ನುತ್ತಾರೆ. ಎರಡರ ಬೇರೂ ಒಂದೇ, ಸಂಸ್ಕೃತದ ಶಾಣ. ಆಯುಧಕ್ಕೆ ಹರಿತ ಕೊಡುವ ಕಲ್ಲು ಎಂಬುದು ಆ ಮಾತಿನ ಅರ್ಥ. ಈ ಕಲ್ಲನ್ನು ಎಲ್ಲರಿಗಿಂತ ಸೂಕ್ಷ್ಮವಾಗಿ ಬಲ್ಲವರು ನಮ್ಮ ಕ್ಷೌರಿಕರು. ಕತ್ತಿ, ಕತ್ತರಿ, ಕಲ್ಲು, ಚರ್ಮದ ಪಟ್ಟಿ ಎಲ್ಲವನ್ನೂ ಅವರು ತುಂಬಿಕೊಳ್ಳುತ್ತಿದ್ದ ಚೀಲಕ್ಕೆ ಹಡಪ ಎಂದು ಹೆಸರು. ಎಲೆಯಡಿಕೆಯ ಚೀಲವೂ ಹಡಪವೇ. ಬಸವಣ್ಣನವರ ಹಡಪ ಹಿಡಿದು ಅವರ ಜೊತೆಗಿದ್ದವರು 12ನೆಯ ಶತಮಾನದ ವಚನಕಾರ ಹಡಪದ ಅಪ್ಪಣ್ಣ. ಅವರ ಹೆಂಡತಿ ಲಿಂಗಮ್ಮನವರೂ ವಚನಕಾರ್ತಿ. ಕರ್ನಾಟಕದ ಹಡಪದ ಸಮುದಾಯದವರು ಇಂದಿಗೂ ಅಪ್ಪಣ್ಣನವರನ್ನು ತಮ್ಮ ಹಿರಿಯರೆಂದು ನೆನೆಯುತ್ತಾರೆ. (ಅಪ್ಪಣ್ಣನವರಿದ್ದ ಕಲ್ಯಾಣ ಬೀದರ್ ಜಿಲ್ಲೆಯ ಬಸವಕಲ್ಯಾಣ, ನೀವು ಲೋಕಲ್ ಹಿಡಿಯುವ ಕಲ್ಯಾಣ್ ಅಲ್ಲ.) ಕ್ಷೌರಿಕರ ಕೈಚಳಕವನ್ನು ಹೊಗಳುವವರು ಬಹಳ ಮಂದಿ. ನಾನು ಹೇಳಬೇಕೆಂದಿರುವುದು ಬೇರೆ: ಆ ಕಸುಬಿನ ಅರ್ಧದಷ್ಟು ವಿದ್ಯೆ ಕಲ್ಲನ್ನು ಗುರುತಿಸುವುದರಲ್ಲಿತ್ತು, ಮತ್ತು ಅದನ್ನು ಶಿಲೆಗಳ ಶಾಸ್ತ್ರವೆಂದೇ ಎಣಿಸಬೇಕು.

ಸಾಕ್ಷಿ ನಿಮ್ಮ ಊರಿನ ಸುತ್ತಲೇ ಇದೆ. ಠಾಣೆಯ ಪಾರ್ಸಿಕ್ ಗುಡ್ಡ, ಮುಂಬ್ರಾದ ಬೆಟ್ಟಸಾಲು, ನವಿ ಮುಂಬಯಿಯಲ್ಲಿ ಕ್ವಾರಿಗಳು ಕೊರೆದ ಇಳಿಜಾರು, ಎಲ್ಲವೂ ಬಸಾಲ್ಟ್ ಎಂಬ ಕರಿಕಲ್ಲು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ತಣ್ಣಗಾಗಿ ಆದದ್ದು. ಇಷ್ಟು ಗಟ್ಟಿ ಕಲ್ಲು ಸುತ್ತ ಬಿದ್ದಿರುವಾಗ ಕ್ಷೌರದ ಕತ್ತಿಗೆ ಬೇರೆ ಕಲ್ಲು ಯಾಕೆ ಬೇಕು? ಇದರ ಉತ್ತರ ಗಟ್ಟಿತನದಲ್ಲಿಲ್ಲ, ಕಣದಲ್ಲಿದೆ. ಬಸಾಲ್ಟಿನಲ್ಲಿ ಹಲವು ಖನಿಜಗಳು ಹೆಣೆದುಕೊಂಡಿವೆ, ಒಂದೊಂದರ ಗಡಸು ಒಂದೊಂದು ಬಗೆ. ಎಷ್ಟೋ ಕಡೆ ಲಾವಾದ ಗಾಳಿಗುಳ್ಳೆಗಳು ತೂತುಗಳಾಗಿ ಉಳಿದಿವೆ. ಅದೇ ಕಲ್ಲಿನ ಪಾಟಾ-ವರವಂಟಾದಲ್ಲಿ ಮಸಾಲೆಯನ್ನು ಚೆನ್ನಾಗಿ ಅರೆಯಬಹುದು, ಏಕೆಂದರೆ ಅರೆಯುವುದಕ್ಕೆ ಒರಟೇ ಬೇಕು. ಕತ್ತಿಗೆ ಆ ಒರಟೇ ಶತ್ರು. ಒಂದು ತಲೆಗೂದಲಿನ ದಪ್ಪ ಸುಮಾರು 0.05ರಿಂದ 0.1 ಮಿಲಿಮೀಟರ್, ಚೆನ್ನಾಗಿ ಮಸೆದ ಕ್ಷೌರದ ಕತ್ತಿಯ ಬಾಯಿ ಅದರ ನೂರರಲ್ಲಿ ಒಂದು ಪಾಲಿನಷ್ಟು ತೆಳು. ಅಷ್ಟು ತೆಳುವಾದ ಅಂಚು ಒಂದೇ ಒಂದು ದೊಡ್ಡ ಕಣಕ್ಕೆ ತಾಗಿದರೂ ಮುಕ್ಕಾಗುತ್ತದೆ, ಆ ಮುಕ್ಕು ಕೆನ್ನೆಯನ್ನು ಕೊಯ್ಯುತ್ತದೆ. ಬಸಾಲ್ಟಿನ ಪೊಟರೆಗಳಲ್ಲಿ ಸಿಗುವ ಅಕೀಕು ಕಲ್ಲು ನುಣುಪೇ, ಆದರೆ ಅದು ಉಕ್ಕನ್ನು ಬಹಳ ನಿಧಾನವಾಗಿ ಸವೆಸುತ್ತದೆ. ಕೊನೆಯ ಹೊಳಪಿಗೆ ಆದೀತು, ಮೊಂಡಾದ ಕತ್ತಿಗೆ ಆಗದು. ನೆಲಕ್ಕೆ ಹಾಸುವ ಶಹಾಬಾದ್ ಕಲ್ಲೂ ನುಣುಪು, ಆದರೆ ಅದು ಸುಣ್ಣಕಲ್ಲು, ಉಕ್ಕಿಗಿಂತ ಮೆತ್ತಗೆ. ಬೇಕಾದದ್ದು ಮೆತ್ತನೆಯ ಮೈಯಲ್ಲಿ ಸಣ್ಣ ಗಟ್ಟಿ ಕಣಗಳು ಒಂದೇ ಸಮನಾಗಿ ಹರಡಿರುವ ಕಲ್ಲು. ಕೆಸರು ಪದರಪದರವಾಗಿ ಕೂತು, ಭೂಮಿಯ ಒತ್ತಡದಲ್ಲಿ ಬಿಗಿದು ಸ್ಲೇಟಿನಂತಾದ ಕಲ್ಲುಗಳಲ್ಲಿ ಈ ಗುಣ ಸಿಗುತ್ತದೆ. ಅಂಥ ಪದರಗಲ್ಲುಗಳು ಠಾಣೆಯ ಲಾವಾದಲ್ಲಿಲ್ಲ; 250 ಕೋಟಿ ವರ್ಷಗಳಿಗೂ ಹಳೆಯದಾದ, ಭೂವಿಜ್ಞಾನಿಗಳು ನಮ್ಮ ಧಾರವಾಡದ ಹೆಸರನ್ನೇ ಇಟ್ಟಿರುವ ಶಿಲಾವರ್ಗದಲ್ಲಿವೆ. ಬೆಲ್ಜಿಯಂನ ಆರ್ಡೆನ್ ಬೆಟ್ಟಗಳ ಹಳದಿ ಕೊಟಿಕ್ಯೂಲ್ ಕಲ್ಲು ಜಗತ್ತಿನ ಕ್ಷೌರಿಕರಲ್ಲೆಲ್ಲ ಹೆಸರಾದದ್ದು ಇದೇ ಕಾರಣಕ್ಕೆ: ಕಾಗೆಬಂಗಾರದಂಥ ಮೆತ್ತನೆಯ ಖನಿಜದ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾರ್ನೆಟ್ ಹರಳುಗಳು.

ಇಂಥ ಕಲ್ಲನ್ನು ಯಂತ್ರವಿಲ್ಲದೆ ಗುರುತಿಸಬಹುದು. ಒದ್ದೆ ಮಾಡಿದ ಕಲ್ಲಿನ ಮೇಲೆ ಉಗುರು ಎಳೆದರೆ ಎಲ್ಲೂ ತಡೆಯಬಾರದು. ಮೊಳೆಯಿಂದ ಗೀರಿದಾಗ ಕಲ್ಲಿನ ಪುಡಿ ತಾನೇ ಉದುರಿದರೆ ಅದು ತೀರ ಮೆತ್ತಗೆ. ಲಿಂಬೆರಸದ ಹನಿಗೆ ನೊರೆ ಬಂದರೆ ಸುಣ್ಣಕಲ್ಲು. ಆಮೇಲೆ ಮಟ್ಟ ಮಾಡುವ ಕೆಲಸ: ಎರಡೇ ಕಲ್ಲನ್ನು ಒಂದಕ್ಕೊಂದು ಉಜ್ಜಿದರೆ ಒಂದು ಉಬ್ಬಿ ಇನ್ನೊಂದು ತಗ್ಗಾಗಬಹುದು, ಮೂರು ಕಲ್ಲುಗಳನ್ನು ಸರದಿಯಲ್ಲಿ ಉಜ್ಜಿದರೆ ಮೂರೂ ಸಮತಟ್ಟಾಗುತ್ತವೆ. ಇದು ರೇಖಾಗಣಿತ, ಪುಸ್ತಕದಲ್ಲಿಲ್ಲದಿದ್ದರೂ. ಮಸೆಯುವಾಗ ಕತ್ತಿಯ ಬೆನ್ನು, ಬಾಯಿ ಎರಡನ್ನೂ ಕಲ್ಲಿಗೆ ಮಲಗಿಸಿ ಬಾಯಿ ಮುಂದಾಗಿ ಸರಿಸುತ್ತಾರೆ. ಬೆನ್ನಿನ ದಪ್ಪವೇ ಕೋನವನ್ನು ಕಾಯುತ್ತದೆ. ಚರ್ಮದ ಪಟ್ಟಿಯ ಮೇಲೆ ಮಾತ್ರ ಬೆನ್ನು ಮುಂದೆ, ಇಲ್ಲವಾದರೆ ಪಟ್ಟಿಯೇ ತುಂಡು.

ಈಗ ಇದೆಲ್ಲ ಯಾಕೆ, ಸಲೂನಿನಲ್ಲಿ ಬ್ಲೇಡ್ ಬದಲಿಸುತ್ತಾರಲ್ಲ ಎಂದು ನೀವು ಕೇಳಬಹುದು. ಬದಲಿಸಲೇಬೇಕು. ರಕ್ತದಿಂದ ಹರಡುವ ಎಚ್‌ಐವಿ, ಹೆಪಟೈಟಿಸ್‌ನಂಥ ರೋಗಗಳನ್ನು ಅರಿತ ಮೇಲೆ ಎಲ್ಲರಿಗೂ ಒಂದೇ ಕತ್ತಿ ಬಳಸುವುದು ತಪ್ಪು. ಕಾರ್ಖಾನೆಯ ಕಲ್ಲುಗಳಲ್ಲಿ ಕಣದ ಅಳತೆ ಗೊತ್ತಿರುತ್ತದೆ, ಅವು ಒಳ್ಳೆಯವೇ. ಆದರೆ ಆ ಕಾರ್ಖಾನೆ ಅಳೆಯುವುದು ಏನನ್ನು? ಕ್ಷೌರಿಕರ ಉಗುರು ಅಳೆಯುತ್ತಿದ್ದುದನ್ನೇ: ಕಣ ಎಷ್ಟು ಸಣ್ಣದು, ಎಷ್ಟು ಸಮ. ಇದಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದಿದೆ. ಹುಟ್ಟಿನಿಂದ ಹೊರಿಸಿದ ಕಸುಬನ್ನು ಪರಂಪರೆ ಎಂದು ಮಕ್ಕಳ ಮುಂದೆ ಕೊಂಡಾಡುವುದು ಸರಿಯೇ? ಹಳ್ಳಿಯಲ್ಲಿ ವರ್ಷಕ್ಕೊಮ್ಮೆ ಆಯ ಎಂದು ಒಂದಿಷ್ಟು ಕಾಳು ಕೊಟ್ಟು ದುಡಿಸಿಕೊಂಡದ್ದು, ಕಸುಬಿನ ಹೆಸರನ್ನೇ ಬೈಗುಳ ಮಾಡಿದ್ದು ಸುಳ್ಳಲ್ಲ. ಅದನ್ನು ಮುಚ್ಚಿಟ್ಟು ಬರೆಯಬಾರದು. ಆದರೆ ಅವರ ವಿದ್ಯೆಯನ್ನು ವಿದ್ಯೆ ಎಂದು ಕರೆಯದೆ ಬರೀ ಕೆಲಸ ಎಂದದ್ದೂ ಆ ಅವಮಾನದ ಒಂದು ಭಾಗ. ಶಿಲ್ಪಿಯ ಕಲ್ಲಿನ ಜ್ಞಾನಕ್ಕೆ ನಾವು ಹಳೇಬೀಡನ್ನು ತೋರಿಸುತ್ತೇವೆ. ಕ್ಷೌರಿಕರ ಜ್ಞಾನ ಕೆನ್ನೆಯ ಮೇಲೆ ಗುರುತು ಉಳಿಸದೆ ಹೋಗುತ್ತಿತ್ತು, ಹಾಗಾಗಿ ತೋರಿಸಲು ಏನೂ ಉಳಿಯಲಿಲ್ಲ.

ಕ್ಷೌರದ ಕತ್ತಿಯನ್ನು ನೀವು ಮುಟ್ಟಬೇಡಿ. ಅಪ್ಪನೋ ಅಮ್ಮನೋ ಅಡುಗೆಮನೆಯ ಚಾಕುವನ್ನು ಒದ್ದೆ ಕಲ್ಲಿನ ಮೇಲೆ ಹತ್ತು ಸಲ ಎಳೆಯಲಿ, ನೀವು ನೀರನ್ನು ನೋಡಿ. ಅದು ಕಲ್ಲಿನ ಬಣ್ಣಕ್ಕೆ ತಿರುಗಿದರೆ ಸವೆಯುತ್ತಿರುವುದು ಹೆಚ್ಚಾಗಿ ಕಲ್ಲೇ. ಬಿಳಿ ಕಲ್ಲಿನ ಮೇಲೂ ನೀರು ಕಪ್ಪಗಾದರೆ ಆ ಕಪ್ಪು ಉಕ್ಕಿನದು.